ನೂರು ವರ್ಷ ಯಾರಿಗೂ ಬೇಡವಾಗಿದ್ದ ರೋಮ

ಅಮೆರಿಕದ ಟೆನೆಸ್ಸಿ ರಾಜ್ಯದ ಓಕ್ ರಿಜ್, ಅಣುಬಾಂಬ್ ಯೋಜನೆಗೆಂದೇ ಹುಟ್ಟಿಕೊಂಡ ಊರು. ವಿಕಿರಣ ಜೀವಿಗಳನ್ನು ಹೇಗೆ ಕೆಡಿಸುತ್ತದೆ ಎಂದು ತಿಳಿಯಲು ಅಲ್ಲಿನ ಪ್ರಯೋಗಾಲಯ ದಶಕಗಟ್ಟಲೆ ಇಲಿಗಳನ್ನು ಸಾಕಿತು. ಮುಂದೆ ಅಲ್ಲೇ ಬೆಳೆದ ಒಂದು ತಳಿಯ ಮರಿಗಳ ಮೂತ್ರಪಿಂಡದ ತುಂಬ ನೀರುಗುಳ್ಳೆಗಳೇಳುತ್ತಿದ್ದವು. ಕೆಟ್ಟ ಜೀನ್ ಯಾವುದೆಂದು 1994ರ ಹೊತ್ತಿಗೆ ಪತ್ತೆಯಾಗಿ, ಟಿಜಿ737 ಎಂಬ ಹೆಸರೂ ಬಿತ್ತು. ಅದರ ಕೆಲಸವೇನು ಎಂಬುದು ಮಾತ್ರ ಬಗೆಹರಿಯಲಿಲ್ಲ.

ಉತ್ತರ ಕೊಟ್ಟದ್ದು ಒಂದು ಪಾಚಿ. ಪಿಯುಸಿ ಜೀವಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ, ಎರಡು ಬಾಲಗಳ ಕ್ಲಾಮಿಡೋಮೊನಾಸ್. ಯೇಲ್ ವಿಶ್ವವಿದ್ಯಾಲಯದ ಜೋಯಲ್ ರೋಸೆನ್‌ಬಾಮ್ ಅವರ ಪ್ರಯೋಗಾಲಯದಲ್ಲಿ ಕೀತ್ ಕೊಜ್ಮಿನ್ಸ್ಕಿ ಈ ಪಾಚಿಯ ಬಾಲವನ್ನು ವಿಡಿಯೊ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಬಾಲ ಅಲ್ಲಾಡುತ್ತಿಲ್ಲ. ಅದರ ಉದ್ದಕ್ಕೂ ಸಣ್ಣ ಕಣಗಳು ಮಾತ್ರ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಎಡೆಬಿಡದೆ ಓಡಾಡುತ್ತಿವೆ. ಹೋಗುವಾಗ ಸೆಕೆಂಡಿಗೆ ಸುಮಾರು 2 ಮೈಕ್ರೊಮೀಟರ್, ಬರುವಾಗ ಇನ್ನೂ ಜೋರು. 1993ರಲ್ಲಿ ಪ್ರಕಟವಾದ ಈ ಓಡಾಟ, ಬಾಲ ಕಟ್ಟಲು ಬೇಕಾದ ಸರಕಿನ ಸಾಗಾಟ ಎಂದು ಬರಬರುತ್ತಾ ಸ್ಪಷ್ಟವಾಯಿತು.

ಸಾಗಾಟದ ಪ್ರೋಟೀನುಗಳಲ್ಲೊಂದರ ಜೀನ್ ಓಕ್ ರಿಜ್ ಇಲಿಯ ಟಿಜಿ737ಕ್ಕೆ ಸರಿಹೊಂದಿತು! ಗ್ರೆಗರಿ ಪಝೌರ್, ಜಾರ್ಜ್ ವಿಟ್ಮನ್, ರೋಸೆನ್‌ಬಾಮ್ ಮತ್ತಿತರರು ಆ ಇಲಿಗಳ ಮೂತ್ರಪಿಂಡವನ್ನು ಪರೀಕ್ಷಿಸಿ 2000ದಲ್ಲಿ ವರದಿ ಮಾಡಿದರು. ನಾಳಿಕೆಯ ಒಳಗೋಡೆಯಲ್ಲಿ ಕೋಶಕ್ಕೊಂದರಂತೆ ಚಾಚಿಕೊಂಡಿರಬೇಕಾದ, ಪಾಚಿಯ ಬಾಲದ್ದೇ ಜಾತಿಯ ರೋಮ, ಅಂದರೆ ಪ್ರಾಥಮಿಕ ಸಿಲಿಯಂ, ಈ ಇಲಿಗಳಲ್ಲಿ ಮೊಟಕಾಗಿತ್ತು.

ಆ ರೋಮ ಹೊಸದೇನಲ್ಲ. 1898ರಲ್ಲೇ ಕಾರ್ಲ್ ವಿಲ್ಹೆಲ್ಮ್ ಝಿಮ್ಮರ್‌ಮನ್ ಅದನ್ನು ಮೂತ್ರಪಿಂಡದಲ್ಲಿ ಕಂಡು ವಿವರಿಸಿದ್ದರು. ಸುತ್ತಲಿನ ಸುಳಿವನ್ನು ಕೋಶಕ್ಕೆ ತಿಳಿಸುವ ಅಂಗ ಇದಾಗಿರಬಹುದು ಎಂದೂ ಊಹಿಸಿದ್ದರು. ಆ ಊಹೆಯನ್ನು ಕೈಗೆತ್ತಿಕೊಂಡವರು ವಿರಳ. ವಿಕಾಸದ ಹಾದಿಯಲ್ಲಿ ಉಳಿದುಹೋದ ನಿರುಪಯೋಗಿ ಅವಶೇಷ ಎಂದು ಸುಮಾರು ನೂರು ವರ್ಷ ಅದನ್ನು ಬದಿಗೆ ಸರಿಸಿದರು. ನಾವು ಶಾಲೆಯಲ್ಲಿ ಬರೆದ ಪ್ರಾಣಿಕೋಶದ ಚಿತ್ರದಲ್ಲಿ ಮೈಟೊಕಾಂಡ್ರಿಯದ ಮಡಿಕೆಗೂ ಅಂಕವಿತ್ತು, ಸಿಲಿಯಂ ಇರಲೇ ಇಲ್ಲ. ಇದು ನನ್ನನ್ನು ಇವತ್ತಿಗೂ ಕೆರಳಿಸುತ್ತದೆ. 2001ರಲ್ಲಿ ಸಂಶೋಧಕರಾದ ಪ್ರಿಟೋರಿಯಸ್ ಮತ್ತು ಸ್ಪ್ರಿಂಗ್ ಆ ರೋಮವನ್ನು ಬಾಗಿಸಿದರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆಂದು ತೋರಿಸಿದಾಗ ಝಿಮ್ಮರ್‌ಮನ್ನರ ಊಹೆಗೆ ಮತ್ತೆ ಬೆಲೆ ಬಂತು.

ಆದರೂ ಸಿಲಿಯಂ ನೋಡುವವರು ಸಿಲಿಯಂ ನೋಡಿದರು, ಮೈಟೊಕಾಂಡ್ರಿಯ ನೋಡುವವರು ಮೈಟೊಕಾಂಡ್ರಿಯ ನೋಡಿದರು. ಸಿಲಿಯಂ ಒಳಗೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಇಲ್ಲ. ಪ್ರೋಟೀನ್ ತಯಾರಿಸುವ ರೈಬೊಸೋಮೂ ಇಲ್ಲ. ಕಣಗಳನ್ನು ಹೊತ್ತೊಯ್ಯುವ ಮೋಟಾರು ಪ್ರೋಟೀನುಗಳು ಹೆಜ್ಜೆಹೆಜ್ಜೆಗೂ ಎಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡುತ್ತವೆ, ಅದರ ಪೂರೈಕೆಗೆ ಸಿಲಿಯಂ ಬಹುಮಟ್ಟಿಗೆ ಕೋಶದ ಒಡಲನ್ನೇ ನೆಚ್ಚಿದೆ. ಇಷ್ಟು ಗೊತ್ತಿದ್ದೂ ಸಿಲಿಯಂ, ಮೈಟೊಕಾಂಡ್ರಿಯಗಳ ನಂಟು ಹುಡುಕುವುದು ತಡವಾಯಿತು. 2010ರಲ್ಲಿ ಎಕ್ಸ್‌ಪಿಎನ್‌ಪಿಇಪಿ3 ಎಂಬ ಜೀನ್ ಕೆಟ್ಟ ಕುಟುಂಬಗಳ ವರದಿ ಬಂತು. ಕಾಯಿಲೆ ನೋಡಿದರೆ ಸಿಲಿಯಂ ದೋಷದಿಂದ ಬರುವ ಮೂತ್ರಪಿಂಡದ ಕಾಯಿಲೆಯ ಹಾಗೆಯೇ ಇದೆ. ಜೀನ್ ತಯಾರಿಸುವ ಕಿಣ್ವದ ನೆಲೆ ಮಾತ್ರ ಮೈಟೊಕಾಂಡ್ರಿಯ.

ಮೂತ್ರಪಿಂಡದಲ್ಲಿ ಈ ನಂಟು ಎದ್ದು ಕಾಣುವುದು ಸಹಜ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ, ನಾಳಿಕೆಯ ಕೋಶಗಳಲ್ಲಿ ಮೈಟೊಕಾಂಡ್ರಿಯ ಕಿಕ್ಕಿರಿದಿವೆ. ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ನುಗ್ಗಿದರೆ ಅವುಗಳಿಂದ ಆಮ್ಲಜನಕದ ಉಗ್ರ ಕಣಗಳು ಸಿಡಿಯುತ್ತವೆ. ಉತ್ಕರ್ಷಣ ಒತ್ತಡ ಎನ್ನುವುದು ಇದನ್ನೇ. ದಕ್ಷಿಣ ಕೊರಿಯಾದ ಸಂಶೋಧಕರು 2013ರಲ್ಲಿ ಇಲಿಗಳಲ್ಲಿ ತೋರಿಸಿದ್ದು: ಇಂಥ ಪೆಟ್ಟಿನ ನಂತರ ಸಿಲಿಯಂನ ಉದ್ದ ಏರುಪೇರಾಗುತ್ತದೆ; ಚೇತರಿಕೆಯ ದಿನಗಳಲ್ಲಿ ಆ ಉಗ್ರ ಕಣಗಳನ್ನು ತಗ್ಗಿಸಿದರೆ ಅದು ಬೇಗ ಮೊದಲಿನ ಅಳತೆಗೆ ಬರುತ್ತದೆ.

2019ರಲ್ಲಿ ಕೊರಿಯಾದಿಂದಲೇ ಬಂದ ಇನ್ನೊಂದು ವರದಿ ಸಿಸ್‌ಪ್ಲಾಟಿನ್ ಕುರಿತದ್ದು. ನಮ್ಮ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ನಿತ್ಯ ಬಳಕೆಯ ಔಷಧಿ ಅದು. ಮೂತ್ರಪಿಂಡ ಕೆಡದಿರಲೆಂದು ಅದರ ಹಿಂದೆ ಮುಂದೆ ಸಲೈನ್ ಬಾಟಲಿ ಏರಿಸುತ್ತಾರೆ. ಇಲಿಗಳಿಗೆ ಸಿಸ್‌ಪ್ಲಾಟಿನ್ ಕೊಟ್ಟಾಗ ನಾಳಿಕೆಯ ಸಿಲಿಯಂ ತುಂಡಾಗಿ, ಚೂರುಗಳು ಮೂತ್ರದಲ್ಲಿ ಸಿಕ್ಕವು. ಮೈಟೊಕಾಂಡ್ರಿಯವನ್ನೇ ಗುರಿಯಾಗಿಸಿದ ಉತ್ಕರ್ಷಣ ನಿರೋಧಕ ಕೊಟ್ಟಾಗ ಆ ಹಾನಿ ತಗ್ಗಿತು. ಇವತ್ತು ವೈದ್ಯರು ನೆಚ್ಚಿಕೊಂಡಿರುವ, ರಕ್ತದಲ್ಲಿನ ಕ್ರಿಯಾಟಿನಿನ್ ಮಟ್ಟ ಏರುವ ಹೊತ್ತಿಗೆ ಮೂತ್ರಪಿಂಡಕ್ಕೆ ಸಾಕಷ್ಟು ಪೆಟ್ಟು ಬಿದ್ದಿರುತ್ತದೆ. ಆ ಚೂರುಗಳು ಅದಕ್ಕಿಂತ ಮೊದಲೇ ಸುಳಿವು ಕೊಡುತ್ತವೆಯೇ ಎಂದು ಕಿಮೊ ಪಡೆಯುವ ರೋಗಿಗಳ ಮೂತ್ರದಲ್ಲಿ ಹುಡುಕಲೇಬೇಕು. ಅದಕ್ಕೆ ಇನ್ನೊಂದು ನೂರು ವರ್ಷ ಹಿಡಿಯಬಾರದು.