ಪ್ರವೇಶ ಪರೀಕ್ಷೆ ಇನ್ನೊಮ್ಮೆ ಬರೆಯಬಹುದೇ?



ನಮ್ಮ ಸಂಘಗಳ ಸದಸ್ಯೆಯರ ಹೆಣ್ಣುಮಕ್ಕಳೂ ಈಗ ಡಿಗ್ರಿ ಮುಗಿಸಿ ಎಂ.ಬಿ.ಎ. ಓದಲು ಮುಂದೆ ಬರುತ್ತಿದ್ದಾರೆ. ಪ್ರವೇಶ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ಕೂಡಲೇ ಮನೆಯಲ್ಲಿ ‘ಫೇಲಾದ್ಲು, ಇನ್ನು ಮದುವೆ ಮಾಡಿಬಿಡೋಣ’ ಎಂಬ ಮಾತು ಏಳುತ್ತದೆ. ಈ ಪರೀಕ್ಷೆಗಳಲ್ಲಿ ಪಾಸು-ಫೇಲು ಇಲ್ಲ. ಬರೆದವರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೋರಿಸುತ್ತವೆ, ಅಷ್ಟೇ.

ಐ.ಐ.ಎಂ.ಗಳಿಗೆ ಸೇರಲು ಬರೆಯುವ ಕ್ಯಾಟ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಆದರೆ ಎಷ್ಟು ವರ್ಷ ಬೇಕಾದರೂ ಬರೆಯಬಹುದು. ಮ್ಯಾಟ್ ಪರೀಕ್ಷೆ ವರ್ಷದಲ್ಲಿ ಹಲವು ಸಲ ಇರುತ್ತದೆ. ಯಾವ ಕಾಲೇಜು ಯಾವ ಪರೀಕ್ಷೆಯನ್ನು ಒಪ್ಪುತ್ತದೆ ಎಂದು ಮೊದಲೇ ವಿಚಾರಿಸಿ.

ಮತ್ತೆ ಬರೆಯುವ ಮುಂಚೆ ಮಗಳ ಜೊತೆ ಕೂತು ಅಂಕ ಎಲ್ಲಿ ಹೋಯಿತೆಂದು ಕೇಳಿ. ಕ್ಯಾಟ್‌ನಲ್ಲಿ ಇಂಗ್ಲಿಷ್, ತರ್ಕ, ಲೆಕ್ಕ ಎಂದು ಮೂರು ಭಾಗ; ಒಂದೊಂದಕ್ಕೂ 40 ನಿಮಿಷ. ಸರಿ ಉತ್ತರಕ್ಕೆ 3 ಅಂಕ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆ ತಪ್ಪಾದರೆ 1 ಅಂಕ ಕಳೆಯುತ್ತಾರೆ. ಇಂಗ್ಲಿಷ್ ಕಷ್ಟವಾಗಿದ್ದರೆ ದಿನಾ ಇಂಗ್ಲಿಷ್ ಪತ್ರಿಕೆ ಓದಲಿ. ಅಂದಾಜಿನಲ್ಲಿ ಉತ್ತರಿಸಿ ಅಂಕ ಕಳಕೊಂಡಿದ್ದರೆ ಗಡಿಯಾರ ಇಟ್ಟುಕೊಂಡು ಮಾದರಿ ಪರೀಕ್ಷೆ ಬರೆಯಲಿ. ಕಾರಣ ತಿಳಿಯದೆ ಬರೆದರೆ ಅಷ್ಟೇ ಅಂಕ ಮತ್ತೆ ಬಂದೀತು.

ಕೋಚಿಂಗ್‌ಗೆಂದು ಸಂಘದಿಂದ ಸಾಲ ಎತ್ತುವ ಆತುರ ಬೇಡ. ಪರಿಶಿಷ್ಟ ಜಾತಿ-ಪಂಗಡದವರಿಗೆ, ವಿಕಲಚೇತನರಿಗೆ ಕ್ಯಾಟ್ ಶುಲ್ಕ ಅರ್ಧ ಮಾತ್ರ. ಆ ಒಂದು ವರ್ಷ ಮಗಳು ಕೆಲಸಕ್ಕೆ ಹೋಗಲಿ, ಅನೇಕ ಐ.ಐ.ಎಂ.ಗಳು ಕೆಲಸದ ಅನುಭವಕ್ಕೂ ಅಂಕ ಕೊಡುತ್ತವೆ.

ಮದುವೆಯ ಮಾತಿಗೆ ಮುಂಚೆ ಅವಳನ್ನೇ ಕೇಳೋಣ: ‘ಇನ್ನೊಂದು ಸಲ ಬರೀತೀಯಾ ಮಗಾ?’