ನೋಡಿ ಸುಮ್ಮನಿದ್ದವರ ಲೆಕ್ಕ

2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದ ಮೇಲೆ ನಮ್ಮ ಮನೆಗಳಲ್ಲಿ ‘ಪೊಲೀಸ್ರೆಲ್ಲ ಒಂದೇ’ ಅನ್ನುವ ಮಾತು ಗಟ್ಟಿಯಾಗಿದೆ. ಪಾಸ್‌ಪೋರ್ಟ್ ವಿಚಾರಣೆಗೆ ಬಂದು ಮರ್ಯಾದೆಯಿಂದ ಮಾತಾಡಿಸಿ ಹೋದವರನ್ನೂ ನಾವು ಕಂಡಿದ್ದೇವಲ್ಲ, ಅವರೂ ಹೊಣೆಯೇ? ಅಲ್ಲ. ಸ್ಥಳದಲ್ಲೇ ಇಲ್ಲದವರ ತಲೆಗೆ ತಪ್ಪು ಕಟ್ಟುವುದು ನ್ಯಾಯವಲ್ಲ. ಆದರೆ ಕಣ್ಣೆದುರು ನಡೆದದ್ದನ್ನು ತಡೆಯದವರ ಕಥೆ ಬೇರೆ.

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯಿತು. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಮಂಡಿಯೂರಿದ್ದು ಒಬ್ಬನೇ ಪೊಲೀಸ್. ಜೊತೆಗೆ ಮೂವರಿದ್ದರು. ಕಾಲು ಹಿಡಿದಿದ್ದವನು ಕೆಲಸಕ್ಕೆ ಹೊಸಬ. ‘ಮಗ್ಗುಲಿಗೆ ಹೊರಳಿಸೋಣವಾ’ ಅಂತ ಎರಡು ಸಲ ಕೇಳಿದ, ಹಿರಿಯ ಒಪ್ಪದಾಗ ಸುಮ್ಮನಾದ. ನರಳುತ್ತಿದ್ದವನಿಗೆ ನೆರವಾಗಲಿಲ್ಲವೆಂದು 2022ರಲ್ಲಿ ಮೂವರೂ ತಪ್ಪಿತಸ್ಥರಾದರು. ಕೇಳಿ ಸುಮ್ಮನಾದವನಿಗೂ ಎರಡೂವರೆ ವರ್ಷ ಜೈಲು.