ಗೂಡುದೀಪಕ್ಕೆ ಮೂರು ಸೆಲ್ ಸಾಕು

ದೀಪಾವಳಿ ಹತ್ತಿರ ಬಂತೆಂದರೆ ಉಡುಪಿ, ಕಾಪು, ಕಾರ್ಕಳ ಕಡೆಯ ಮನೆಗಳ ಜಗಲಿಯಲ್ಲಿ ಬಿದಿರಿನ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಹರಡಿಕೊಳ್ಳುತ್ತವೆ. ಗೂಡು ಕಟ್ಟುವುದನ್ನು ಅಜ್ಜ ಹೇಳಿಕೊಡುತ್ತಾರೆ, ಕಾಗದ ಕತ್ತರಿಸುವುದು ಮೊಮ್ಮಕ್ಕಳ ಕೆಲಸ. ಒಳಗೆ ಬೆಳಕು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಹೆಚ್ಚಿನ ಮನೆಗಳಲ್ಲಿ ಒಂದೇ ಉತ್ತರ: ಪ್ಲಗ್ಗಿನಿಂದ ವಯರ್ ಎಳೆದು ಬಲ್ಬು ಹಾಕುವುದು, ಇಲ್ಲವೇ ಪೇಟೆಯಿಂದ ತಂದ ಸೀರಿಯಲ್ ಸೆಟ್ಟನ್ನು ಗೂಡಿನೊಳಗೆ ಸುತ್ತುವುದು.

ಈ ಸೀರಿಯಲ್ ಸೆಟ್ಟಿನ ಬಗ್ಗೆ ಮೊದಲು ಹೇಳಬೇಕು. ಅದರ ಒಂದೊಂದು ಎಲ್‌ಇಡಿಗೆ ಬೇಕಾದದ್ದು ಎರಡು-ಮೂರು ವೋಲ್ಟ್ ಅಷ್ಟೇ. ಇಷ್ಟು ಪುಟ್ಟ ದೀಪ ಶಾಕ್ ಏನು ಹೊಡೆದೀತು ಅನ್ನಿಸುವುದು ಸಹಜ. ಆದರೆ ಅಗ್ಗದ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಹತ್ತಾರು ದೀಪಗಳನ್ನು ಹೂಮಾಲೆಯಂತೆ ಪೋಣಿಸಿ ನೇರವಾಗಿ 230 ವೋಲ್ಟಿಗೆ ಜೋಡಿಸಿರುತ್ತಾರೆ. ವಯರಿನ ಸಿಪ್ಪೆ ಎಲ್ಲೇ ಹರಿದಿರಲಿ, ಅಲ್ಲಿ ಮುಟ್ಟಿದರೆ ಗೋಡೆಯ ಪ್ಲಗ್ಗಿಗೆ ಬೆರಳಿಟ್ಟಷ್ಟೇ ಅಪಾಯ. ನಮ್ಮೂರಲ್ಲಿ ದೀಪಾವಳಿಯ ಹೊತ್ತಿಗೆ ಸಂಜೆಯ ಗುಡುಗು ಮಳೆ ಇನ್ನೂ ಬಿಟ್ಟಿರುವುದಿಲ್ಲ. ಅಂಗಳ ಒದ್ದೆ, ಮಕ್ಕಳದು ಬರಿಗಾಲು.

ಎಂಸಿಬಿ ಇದೆಯಲ್ಲ ಎಂದು ಅಜ್ಜ ಹೇಳಬಹುದು. ಎಂಸಿಬಿ ಇರುವುದು ವಯರನ್ನು ಕಾಪಾಡಲು, ಹಲವು ಆಂಪಿಯರ್ ಹರಿದರಷ್ಟೇ ಅದು ಬೀಳುತ್ತದೆ. ಮನುಷ್ಯನ ಹೃದಯದ ಬಡಿತ ಕೆಡಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು. ಜೀವ ಕಾಯುವುದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಅದರ ಮೇಲೆ ‘ಟೆಸ್ಟ್’ ಅಥವಾ ‘ಟಿ’ ಎಂಬ ಗುಂಡಿ ಇರುತ್ತದೆ. ಮನೆಯ ಬೋರ್ಡಿನಲ್ಲಿ ಅದು ಇದೆಯೇ ಎಂದು ದೊಡ್ಡವರ ಜತೆ ನೋಡಿ.

ಹಾಗಾದರೆ ಗೂಡುದೀಪಕ್ಕೆ ಏನು ಮಾಡುವುದು? ಗೋಡೆ ಗಡಿಯಾರಕ್ಕೆ ಹಾಕುವಂಥ ಮೂರು ಎಎ ಸೆಲ್, ಅವು ಕೂರುವ ಪ್ಲಾಸ್ಟಿಕ್ ಹೋಲ್ಡರ್, ನಾಲ್ಕು ಬಿಳಿ ಎಲ್‌ಇಡಿ, 100 ಓಮ್‌ನ ನಾಲ್ಕು ರೆಸಿಸ್ಟರ್ ತನ್ನಿ. ಸೆಲ್ ಒಂದಕ್ಕೆ 1.5 ವೋಲ್ಟ್, ಮೂರು ಸೇರಿ 4.5. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ ಒಂದೂವರೆ ವೋಲ್ಟನ್ನು ರೆಸಿಸ್ಟರ್ ಹೊತ್ತುಕೊಳ್ಳಬೇಕು. 1.5 ಅನ್ನು 100ರಿಂದ ಭಾಗಿಸಿದರೆ 0.015, ಅಂದರೆ 15 ಮಿಲಿ ಆಂಪಿಯರ್. ಇಷ್ಟು ಕರೆಂಟಿನಲ್ಲಿ ಎಲ್‌ಇಡಿ ಚೆನ್ನಾಗಿ ಬೆಳಗುತ್ತದೆ, ಬಣ್ಣದ ಕಾಗದ ಸುಡುವಷ್ಟು ಬಿಸಿಯೂ ಆಗುವುದಿಲ್ಲ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ. ಎಲ್ಲಕ್ಕೂ ಸೇರಿಸಿ ಒಂದೇ ಹಾಕಿದರೆ ಒಂದು ಝಗ್ಗನೆ ಉರಿದು ಇನ್ನೊಂದು ಮಂಕಾಗುವುದುಂಟು.

ನಾಲ್ಕಕ್ಕೂ ಒಟ್ಟು 60 ಮಿಲಿ ಆಂಪಿಯರ್. ಒಳ್ಳೆಯ ಆಲ್ಕಲೈನ್ ಎಎ ಸೆಲ್ಲಿನಲ್ಲಿ ಸುಮಾರು 2000 ಮಿಲಿ ಆಂಪಿಯರ್-ಗಂಟೆ ಇರುತ್ತದೆ. ಭಾಗಿಸಿ ನೋಡಿ: ಮೂವತ್ತಕ್ಕೂ ಹೆಚ್ಚು ಗಂಟೆ. ಸಂಜೆ ನಾಲ್ಕು ಗಂಟೆಯಂತೆ ಉರಿಸಿದರೆ, ಕೊನೆಗೆ ಮಂಕಾದರೂ, ಒಂದು ವಾರ ಬರುತ್ತದೆ. ಅಗ್ಗದ ಸಾದಾ ಸೆಲ್ ಅದರ ಅರ್ಧವೂ ಬಾರದು. ಆದರೂ ಹಬ್ಬದ ಮೂರು ದಿನಕ್ಕೆ ಅಡ್ಡಿಯಿಲ್ಲ. ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವಾಟ್‌ನ ವಿದ್ಯುತ್ ಸ್ಥಾವರವಿದೆ. ಆದರೆ ಒಂದು ಗುಡುಗು ಬಂದರೆ ಅದರ ಆಸುಪಾಸಿನಲ್ಲೂ ಕರೆಂಟು ಹೋಗುವುದೇ. ಆಗ ಊರಲ್ಲಿ ಉರಿಯುವುದು ನಿಮ್ಮ ಗೂಡು.

ಟಾರ್ಚಿನ ದಪ್ಪ ಸೆಲ್ಲಿಗೂ ಈ ಸಣ್ಣ ಸೆಲ್ಲಿಗೂ ಎರಡಕ್ಕೂ 1.5 ವೋಲ್ಟೇ ಏಕೆ ಎಂದು ಮಕ್ಕಳು ಕೇಳುತ್ತಾರೆ. ಮಾಡಿನ ಮೇಲಿನ ನೀರಿನ ಟಾಂಕಿಯನ್ನು ನೆನೆಯಿರಿ. ವೋಲ್ಟ್ ಎಂದರೆ ಟಾಂಕಿಯ ಎತ್ತರ. ಎತ್ತರ ಒಂದೇ ಆದರೆ ನೀರಿನ ಒತ್ತಡವೂ ಒಂದೇ. ಟಾಂಕಿ ದೊಡ್ಡದಾದರೆ ನೀರು ಹೆಚ್ಚು ಹೊತ್ತು ಬರುತ್ತದೆ. ಚೌಕದ 9 ವೋಲ್ಟ್ ಬ್ಯಾಟರಿ ಇದಕ್ಕೆ ಉಲ್ಟಾ: ಟಾಂಕಿ ಎತ್ತರದಲ್ಲಿದೆ, ಆದರೆ ಕೊಡದಷ್ಟೇ ಗಾತ್ರ. ಶಾಲೆಯ ವಿಜ್ಞಾನ ಮೇಳದಲ್ಲಿ ಇದನ್ನು ಮೋಟರಿಗೆ ಕಟ್ಟಿ, ತೀರ್ಪುಗಾರರು ಬರುವ ಹೊತ್ತಿಗೆ ಫ್ಯಾನ್ ನಿಂತುಹೋಗುವುದು ಇದರಿಂದಲೇ. ಮೋಟರಿಗೆ ಎಎ ಸೆಲ್‌ಗಳೇ ಲೇಸು.

ಸೆಲ್ಲನ್ನು ಬಿಸಿಲಿಗಿಟ್ಟು ರೇಡಿಯೋಗೆ ಮತ್ತೆ ಹಾಕುತ್ತಿದ್ದುದು ಅಜ್ಜಂದಿರಿಗೆ ನೆನಪಿರಬಹುದು. ಅದು ಬರೀ ನಂಬಿಕೆಯಲ್ಲ. ಬಿಸಿಯಾದಾಗ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಹಳೆಯ ಸತುವಿನ ಸೆಲ್ ಇನ್ನೊಂದಷ್ಟು ಹೊತ್ತು ನಡೆಯುತ್ತಿತ್ತು. ಆದರೆ ಮೊಬೈಲಿನ, ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿಯನ್ನು ಬಿಸಿಲಿಗೆ ಇಡಲೇಬಾರದು. ಉಬ್ಬಿದ್ದರಂತೂ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ. ಅಂದಹಾಗೆ ಪವರ್ ಬ್ಯಾಂಕಿಗೆ ಗೂಡುದೀಪ ಸಿಕ್ಕಿಸಿದರೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗಬಹುದು. ಇಷ್ಟು ಕಡಿಮೆ ಕರೆಂಟು ಎಳೆದರೆ ಏನೂ ಜೋಡಿಸಿಲ್ಲವೆಂದೇ ಹಲವು ಪವರ್ ಬ್ಯಾಂಕ್‌ಗಳು ತಿಳಿಯುತ್ತವೆ.

ಸೆಲ್ ಬೇಡ, ಅಡಾಪ್ಟರ್ ಬಳಸುತ್ತೇವೆ ಎನ್ನುವವರು ಅದರ ಬೆನ್ನ ಮೇಲಿನ ಸಣ್ಣಕ್ಷರ ಓದಬೇಕು. ‘ಔಟ್‌ಪುಟ್’ ಎಂಬಲ್ಲಿರುವ ವೋಲ್ಟ್ ನಿಮ್ಮ ಸಾಧನ ಕೇಳುವಷ್ಟೇ ಇರಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಸಾಧನ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಮೇಲೆ ಹೇಳಿದ ಜೋಡಣೆ ಮೊಬೈಲಿನ 5 ವೋಲ್ಟ್ ಚಾರ್ಜರಿಗೂ ಸರಿಹೊಂದುತ್ತದೆ. ವೈಫೈ ಪೆಟ್ಟಿಗೆಯ 12 ವೋಲ್ಟಿಗೆ ಕೊಟ್ಟರೆ ಎಲ್‌ಇಡಿ ಸುಟ್ಟೀತು. ಬಿಐಎಸ್ ಗುರುತಿಲ್ಲದ ಚಾರ್ಜರ್ ಬೇಡ. ಚಾರ್ಜರ್ ಮನೆಯೊಳಗೇ ಇರಲಿ, ಹೊರಗೆ ಹೋಗುವುದು 5 ವೋಲ್ಟಿನ ವಯರ್ ಮಾತ್ರ. ಮೋಡ ಕವಿಯುವಾಗಲೇ ಪ್ಲಗ್ ತೆಗೆಯಿರಿ, ಗುಡುಗು ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಹಬ್ಬಕ್ಕೆ ಈಗ ಪ್ಲಾಸ್ಟಿಕ್ಕಿನ ಎಲ್‌ಇಡಿ ಹಣತೆಗಳೂ ಬರುತ್ತವೆ. ಹಲವುಗಳ ಅಡಿಯಲ್ಲಿ ನಾಣ್ಯದಂಥ ಬಟನ್ ಸೆಲ್ ಇರುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಪುಟ್ಟ ಮಗು ಉಗುರಲ್ಲೇ ತೆಗೆದೀತು. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ದೀಪ ಉರಿಸಲಾರದಷ್ಟು ಸತ್ತ ಸೆಲ್ಲಿಗೂ ಅಷ್ಟು ಶಕ್ತಿ ಇರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಬಾಳೆಹಣ್ಣು-ಅನ್ನ ತಿನ್ನಿಸಿ ಕೆಳಗಿಳಿಸಲು ನೋಡಬೇಡಿ. ಕಾರ್ಕಳದ ಒಳಹಳ್ಳಿಯಿಂದ ಮಣಿಪಾಲಕ್ಕೆ ಬರಲು ಒಂದು ಗಂಟೆಯಾದರೂ ಹಿಡಿಯುತ್ತದೆ. ಆದ್ದರಿಂದ ಕಾದು ನೋಡದೆ, ಎಕ್ಸ್‌ರೇ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಅಂಥದೇ ಇನ್ನೊಂದು ಸೆಲ್ಲನ್ನೋ ಅದರ ಪ್ಯಾಕೆಟ್ಟನ್ನೋ ಡಾಕ್ಟರಿಗೆ ತೋರಿಸಲು ಒಯ್ಯಿರಿ. ಅಜ್ಜಿಯ ಕಿವಿ ಯಂತ್ರದ ಸೆಲ್ಲೂ ಈ ಜಾತಿಯದೇ. ಹಳೆಯದನ್ನು ಕಿಟಕಿಯ ದಂಡೆಯಲ್ಲಿ ಇಡಬೇಡಿ.

ಹಬ್ಬ ಮುಗಿದ ಮೇಲೆ ಗೂಡುದೀಪದ ಸೆಲ್‌ಗಳನ್ನು ತೆಗೆದು ಒಣ ಡಬ್ಬಿಯಲ್ಲಿಡಿ, ಮುಂದೆ ಹಳತು-ಹೊಸತು ಬೆರೆಸಿ ಹಾಕಬೇಡಿ. ಬಲ ಕುಗ್ಗಿದ ಸೆಲ್ಲನ್ನು ಹೊಸತು ಹಿಂಡಿದಂತಾಗಿ ಅದು ಸೋರತೊಡಗುತ್ತದೆ. ಕಾಪು, ಮಲ್ಪೆಯಂಥ ಕಡಲ ತಡಿಯಲ್ಲಿ ಉಪ್ಪುಗಾಳಿಗೆ ಹೋಲ್ಡರಿನ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಆಲ್ಕಲೈನ್ ಸೆಲ್ ಸೋರಿ ಬಿಳಿ ಹುಡಿ ಕೂತಿದ್ದರೆ ಬರಿಗೈಯಲ್ಲಿ ಮುಟ್ಟದೆ, ಹತ್ತಿಗೆ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸ್ಪ್ರಿಂಗ್ ಹೊಳೆದರೆ ಬರುವ ವರ್ಷಕ್ಕೂ ಅದೇ ಹೋಲ್ಡರ್ ಆಯಿತು.